ರೂಮಿಗೆ ಬಂದ ಮುದ್ದೆ

ಹೋಟೆಲ್ ರೂಮಿನಲ್ಲಿ ಕೂತು ಮುದ್ದೆ ತಿನ್ನುವುದು ಹೇಗೆಂದು ನಮ್ಮ ಕಾನ್ವೆಂಟಿನಲ್ಲಿ ಹೇಳಿಕೊಟ್ಟಿರಲಿಲ್ಲ. ಬೇಕಾದ್ದು ಬೇಡದ್ದು ಬೇರೆಲ್ಲ ಹೇಳಿಕೊಟ್ಟಿದ್ದರು. ಸೂಪ್ ಕುಡಿಯುವಾಗ ಚಮಚ ನಮ್ಮಿಂದ ಆಚೆಗೆ ಹೋಗಬೇಕು, ನಮ್ಮ ಕಡೆಗೆ ಬರಬಾರದು. ನ್ಯಾಪ್ಕಿನ್ ತೊಡೆಯ ಮೇಲಿರಬೇಕು, ಕುತ್ತಿಗೆಗೆ ಸಿಕ್ಕಿಸಬಾರದು. ಏನು ಕೇಳಿದರೂ ಪ್ಲೀಸ್, ಏನು ಕೊಟ್ಟರೂ ಥ್ಯಾಂಕ್ಯೂ. ಕೋಲಾರದ ಹೆಂಚಿನ ಸೂರಿನ ಕೆಳಗೆ, ಸೂಪು ಎಂಬುದನ್ನು ಕಣ್ಣಲ್ಲೇ ಕಂಡಿರದ ನಮಗೆ, ಸಿಸ್ಟರ್ ಅಗಸ್ಟಾ ಖಾಲಿ ತಟ್ಟೆ ಖಾಲಿ ಚಮಚ ಇಟ್ಟು ಟೇಬಲ್ ಮ್ಯಾನರ್ಸ್ ಕಲಿಸಿದರು. ನಾವು ಗಂಭೀರವಾಗಿ ಗಾಳಿ ಕುಡಿದು ಥ್ಯಾಂಕ್ಯೂ ಸಿಸ್ಟರ್ ಎನ್ನುತ್ತಿದ್ದೆವು. ಆಮೇಲೆ ಮನೆಗೆ ಹೋಗಿ ಚಕ್ಕಳಮಕ್ಕಳ ಹಾಕಿ ಅನ್ನ ಸಾರು ಕಲಸಿ ಉಣ್ಣುತ್ತಿದ್ದೆವು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಇವತ್ತು ಬೆಳಿಗ್ಗೆ ಊರಿನಿಂದ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ ಬಂತು. ನಿಮ್ಮ ಅಡುಗೆಮನೆಯಲ್ಲೂ ಅಂಥದ್ದು ಇರುತ್ತದೆ. ಪಾರ್ಸಲ್ ಊಟ ತರಿಸಿದಾಗ ಸಾರು ತುಂಬಿಕೊಂಡು ಬಂದು, ಬಿಸಾಡಲು ಮನಸ್ಸಾಗದೆ ತೊಳೆದಿಟ್ಟು, ಕೊನೆಗೆ ಮುಚ್ಚಳ ಯಾವುದು ಡಬ್ಬಿ ಯಾವುದು ತಿಳಿಯದ ಹಾಗೆ ಗುಡ್ಡೆಯಾಗುತ್ತವಲ್ಲ, ಅದೇ ಜಾತಿ. ಈ ಡಬ್ಬಿಯ ತುಂಬ ಹುಚ್ಚೆಳ್ಳು ಚಟ್ನಿಪುಡಿ ಇತ್ತು. ಕಳಿಸಿದವಳು ನನ್ನ ವಾರಗಿತ್ತಿ, ನನ್ನ ಯಜಮಾನರ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತೇನೆ. ಗಂಡಂದಿರಿಬ್ಬರೂ ಹೋದ ಮೇಲೂ ನಮ್ಮ ಸಂಬಂಧ ಹೋಗಲಿಲ್ಲ, ಇನ್ನಷ್ಟು ಗಟ್ಟಿಯಾಯಿತು. ನಾನು ಮಾಲೂರಿನಲ್ಲಿ ಇದ್ದೇನೆ. ಅವಳು ಮುಳಬಾಗಿಲು ದಾಟಿ ಆಂಧ್ರದ ಕಡೆ ಹೋಗುವ ರಸ್ತೆಯ ಪಕ್ಕದ ಊರಿನಲ್ಲಿ, ಮಗ ಸೊಸೆ ಮೊಮ್ಮಕ್ಕಳ ಗದ್ದಲದ ನಡುವೆ ಇದ್ದಾಳೆ.

ಬರೀ ಡಬ್ಬಿ ವಾಪಸು ಕೊಡಬಾರದು ಎನ್ನುವುದು ನಮ್ಮ ಕಡೆಯ ಕಟ್ಟುನಿಟ್ಟು. ಪಕ್ಕದ ಮನೆಯವರು ಪಾಯಸ ಕೊಟ್ಟ ಬಟ್ಟಲಿಗೆ ಕೊನೆಗೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಈ ಡಬ್ಬಿ ಯಾರದ್ದೋ ಹೋಟ್ಲಿನದು. ಆ ಹೋಟ್ಲಿನವರಿಗೆ ಅದರ ನೆನಪೂ ಇರಲಾರದು. ಆದರೂ ಅಕ್ಕ ಅದನ್ನು ತೊಳೆದು, ಒರೆಸಿ, ತುಂಬಿ, ಬಸ್ಸಿನಲ್ಲಿ ಬರುವವರ ಕೈಲಿ ಕಳಿಸಿದ್ದಾಳೆ. ಈಗ ನಾನು ಏನು ತುಂಬಿ ಕಳಿಸಲಿ ಎಂದು ಯೋಚಿಸುತ್ತಾ ಕೂತಿದ್ದೇನೆ. ಯೋಚನೆ ಡಬ್ಬಿ ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತಿದೆ. ಹೋಗಲಿ ಬಿಡಿ, ನೀವೂ ಬನ್ನಿ.

ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು. ಎರಡೂ ಕಣ್ಣಿಗೆ. ಮೊದಲು ಬಲಗಣ್ಣು, ಅದು ಸರಿಹೋದ ಮೇಲೆ ಎಡಗಣ್ಣು ಎಂದಿದ್ದರು ಡಾಕ್ಟರು. ಮನೆಯವರೆಲ್ಲ ಟೊಮ್ಯಾಟೊ ಕೊಯ್ಲಿನಲ್ಲಿ ಮುಳುಗಿದ್ದರು. ಹಣ್ಣು ಮಂಡಿಗೆ ಹೋಗದಿದ್ದರೆ ಕೊಳೆಯುತ್ತದೆ, ಕಣ್ಣು ಕಾಯುತ್ತದೆ ಎಂದು ಅಕ್ಕ ಮುಂದೂಡುತ್ತಲೇ ಇದ್ದಳು. ಕೊನೆಗೆ ನಾನೇ ಹೋಗಿ ಅವಳನ್ನು ಹೊರಡಿಸಿಕೊಂಡು ಕೋಲಾರಕ್ಕೆ ಬಂದೆ. ಬೆಳಿಗ್ಗೆ ಆಪರೇಷನ್ ಆಯಿತು. ಕಣ್ಣಿಗೆ ಬಿಳಿ ಪಟ್ಟಿ ಅಂಟಿಸಿ, "ಇವತ್ತು ಧೂಳು, ಬಸ್ಸಿನ ಕುಲುಕಾಟ ಯಾವುದೂ ಬೇಡ. ಹತ್ತಿರದಲ್ಲೇ ಉಳ್ಕೊಂಡು ನಾಳೆ ಬೆಳಿಗ್ಗೆ ಬನ್ನಿ, ಪಟ್ಟಿ ಬಿಚ್ಚಿ ನೋಡ್ತೀವಿ. ಊಟ ಆದ್ಮೇಲೆ ಈ ಮಾತ್ರೆ ತಪ್ಪಿಸ್ಬೇಡಿ" ಎಂದರು. ಅಕ್ಕನಿಗೆ ಸಕ್ಕರೆ ಕಾಯಿಲೆ ಬೇರೆ. ಹೊಟ್ಟೆ ಖಾಲಿ ಬಿಡುವ ಹಾಗಿಲ್ಲ.

ಹತ್ತಿರದಲ್ಲಿ ಇದ್ದದ್ದು ಒಂದು ಲಾಡ್ಜು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿಸ್ಟರ್ ಅಗಸ್ಟಾ ಹೇಳಿಕೊಟ್ಟ ಇಂಗ್ಲಿಷಿನಲ್ಲಿ ಹೋಟೆಲ್ ಎಂದರೆ ಪ್ರವಾಸಿಗರು ತಂಗುವ ಜಾಗ. ಬಿಳಿಯ ಹಾಸಿಗೆ, ಹೂದಾನಿ, ಗಂಟೆ ಒತ್ತಿದರೆ ಬರುವ ಟೀ. ಆದರೆ ನಮ್ಮ ಸೀಮೆಯಲ್ಲಿ ಹೋಟ್ಲು ಎಂದರೆ ಇಡ್ಲಿ ದೋಸೆ ತಿಂದು ಎದ್ದು ಬರುವ ಜಾಗ. ಮಲಗುವ ಜಾಗಕ್ಕೆ ಲಾಡ್ಜು ಎಂದೇ ಹೆಸರು. ಆ ಹೆಸರಿಗೋ, ಯಾಕೋ ಏನೋ, ಮೊದಲಿಂದಲೂ ಮರ್ಯಾದೆ ಸಾಲದು. ಲಾಡ್ಜಿನಲ್ಲಿ ಸಿಕ್ಕಿದ, ಲಾಡ್ಜಿನಿಂದ ಬಂದ ಎಂದರೆ ಕೇಳುವವರು ಮುಖ ನೋಡುತ್ತಾರೆ. ಪೇಪರಿನಲ್ಲಿ ಲಾಡ್ಜಿನ ಸುದ್ದಿ ಬಂದರೆ ಅದು ಒಳ್ಳೆಯ ಸುದ್ದಿಯಾಗಿರುವುದಿಲ್ಲ. ಇಂಥ ಜಾಗದಲ್ಲಿ ಅಕ್ಕನನ್ನು ಮಲಗಿಸಬೇಕಾಗಿತ್ತು. ತವರು ರಾಯಲ್ಪಾಡು ಬಿಟ್ಟರೆ ಗಂಡನ ಮನೆ, ಗಂಡನ ಮನೆ ಬಿಟ್ಟರೆ ನನ್ನ ಮನೆ. ಇವು ಮೂರರ ಹೊರತು ಬೇರೆ ಸೂರಿನಡಿ ರಾತ್ರಿ ಕಳೆದವಳಲ್ಲ ಅವಳು.

ಆಟೋದಿಂದ ಇಳಿಸುವಾಗಲೇ ಕೇಳಿದಳು. "ಇದೇನೇ ಇದು, ಯಾರ ಮನೆ?"

"ಹೋಟೆಲ್, ಅಕ್ಕ."

"ಹೋಟ್ಲಲ್ಲಿ ತಿಂಡಿ ತಿಂತಾರೆ. ಮಲಗ್ತಾರಾ?"

"ದೊಡ್ಡ ಊರಲ್ಲಿ ಮಲಗ್ತಾರೆ."

"ಕೋಲಾರ ಯಾವಾಗಿಂದ ಅಷ್ಟು ದೊಡ್ಡದಾಯ್ತೋ," ಎಂದಳು. ಎಡಗಣ್ಣಿಗೆ ಬರೀ ನೆರಳು ಕಾಣುತ್ತಿತ್ತು. ಬೋರ್ಡು ಕಾಣುವಂತಿರಲಿಲ್ಲ. ನಾನು ಮನಸ್ಸಿನಲ್ಲೇ ಆ ಪೊರೆಗೆ ಥ್ಯಾಂಕ್ಯೂ ಹೇಳಿದೆ.

ಕೆಳಗಿನ ಟೇಬಲ್ಲಿನ ಮ್ಯಾನೇಜರನ್ನು, ಹೊರಗಿನಿಂದ ಊಟ ತರಿಸಬಹುದೇ ಎಂದು ಕೇಳಿದೆ. ನಮ್ಮ ಕಾನ್ವೆಂಟಿನ ಬುದ್ಧಿ ನೋಡಿ, ಅಪ್ಪಣೆ ಇಲ್ಲದೆ ಏನೂ ಮಾಡಬಾರದು. ಅವರು ಟಿವಿಯಿಂದ ಕಣ್ಣು ತೆಗೆಯದೆ, "ಏನಾದ್ರೂ ತರ್ಸ್ಕೊಳ್ಳಿ ಅಮ್ಮ. ಬೆಡ್‌ಶೀಟ್ ಮೇಲೆ ಸಾರು ಚೆಲ್ಬೇಡಿ ಅಷ್ಟೆ" ಎಂದರು. ರೂಮೂಟದ ಸಂಹಿತೆ ಅಂತ ಯಾರಾದರೂ ಬರೆದರೆ ಇದೇ ಅದರ ಮೊದಲ ವಾಕ್ಯವಾಗಬೇಕು.

ರೂಮಿಗೆ ಹೋದ ಮೇಲೆ ಅಕ್ಕನ ತನಿಖೆ ಶುರುವಾಯಿತು. ಕೈಯಲ್ಲಿ ಸವರಿ ಸವರಿ ಎಲ್ಲವನ್ನೂ ತಿಳಿದುಕೊಂಡಳು. "ಇದು ಮಂಚ. ಇದೇನು, ಇಷ್ಟು ಹತ್ರ ಬಾಗ್ಲು?"

"ಬಾತ್‌ರೂಮು."

"ಮಲಗೋ ಕೋಣೇಲೇ ಕಕ್ಕಸಾ? ಊಟ ಎಲ್ಲಿ?"

"ಊಟಾನೂ ಇಲ್ಲೇ. ತರಿಸ್ತೀನಿ."

"ನಂಗೆ ಬೇಡ. ಮೂರೂ ಒಂದೇ ಕಡೆ ಅಂದ್ರೆ ದನದ ಕೊಟ್ಟಿಗೆ ಕಣೇ ಅದು. ಮಧ್ಯಾಹ್ನದ ಬಸ್ಸಿಗೆ ಹತ್ಸಿಬಿಡು, ಊರಿಗೆ ಹೋಗ್ತೀನಿ. ಪಟ್ಟಿ ಬಿಚ್ಚೋದು ತಾನೇ, ಸೊಸೆ ಬಿಚ್ತಾಳೆ."

ಅವಳು ಹೇಳಿದರೆ ಹೇಳಿದ ಹಾಗೆಯೇ. ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಯಲ್ಲಿ, ಬಸ್ ಸ್ಟಾಪಿನಲ್ಲಿ ಕೂತವಳಂತೆ ಕೂತಳು. ನನಗೆ ನಿಜವಾಗಿ ಭಯವಾಯಿತು. ಹೊಟ್ಟೆಗಿಲ್ಲದೆ ಮಾತ್ರೆ ನುಂಗುವಂತಿಲ್ಲ, ಮಾತ್ರೆ ಇಲ್ಲದೆ ಕಣ್ಣು ಬಾತರೆ ಏನು ಗತಿ, ಆ ಧೂಳಿನ ರಸ್ತೆಯಲ್ಲಿ ಹೋದರೆ ಈ ಕಣ್ಣು ಕೈಬಿಟ್ಟಂತೆಯೇ. ಇದೆಲ್ಲ ಹೇಳಿದೆ. ಅವಳು, "ಇರೋಷ್ಟು ದಿನ ನೋಡಾಯ್ತು ಬಿಡು" ಎಂದಳು. ಇದು ಲಾಡ್ಜು ಎಂದು ಇವಳಿಗೇನಾದರೂ ಗೊತ್ತಾದರೆ ನಡೆದುಕೊಂಡೇ ಮುಳಬಾಗಿಲಿಗೆ ಹೊರಡುತ್ತಾಳೆ ಎಂದುಕೊಂಡೆ.

ತಂಗಿಯ ಮಗಳು ನನ್ನ ಫೋನಿಗೆ ಊಟ ತರಿಸುವ ಆ್ಯಪು ಹಾಕಿಕೊಟ್ಟಿದ್ದಳು. ಮಾಲೂರಿನ ಮನೆಗೆ ಒಂದೆರಡು ಸಲ ಐಸ್‌ಕ್ರೀಂ ತರಿಸಿಕೊಂಡಿದ್ದೆ. ಕನ್ನಡಕ ಏರಿಸಿ ಹುಡುಕಿದೆ. ಗೋಬಿ, ನೂಡಲ್ಸ್, ಬಿರಿಯಾನಿ, ಇನ್ನೊಂದು ಬಿರಿಯಾನಿ. ಬೆರಳು ನೋಯುವಷ್ಟು ಕೆಳಗೆ ಹೋದ ಮೇಲೆ ಸಿಕ್ಕಿತು, ಮುದ್ದೆ ಮಸ್ಸೊಪ್ಪು. ಅದರ ಫೋಟೋ ನೋಡಿ ನನ್ನ ಬಾಯಲ್ಲೇ ನೀರೂರಿತು. ವಿಳಾಸ ಕೇಳುವ ಕಡೆ ಸಿಸ್ಟರ್ ಅಗಸ್ಟಾ ಮೆಚ್ಚುವ ಇಂಗ್ಲಿಷಿನಲ್ಲಿ ಬರೆದೆ: ನಾವು ಹೋಟೆಲಿನಲ್ಲಿದ್ದೇವೆ, ಮೊದಲ ಮಹಡಿ, ಕೊನೆಯ ಬಾಗಿಲು, ದಯವಿಟ್ಟು ಮೆಲ್ಲಗೆ ಬಡಿಯಿರಿ, ಪೇಷಂಟ್ ಇದ್ದಾರೆ.

ತರುವವರ ಹೆಸರು ಫೋನಿನಲ್ಲಿ ಮೂಡಿತು. ಶಶಿಕಲಾ. ಹೆಂಗಸು ಎಂದು ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಅವಳದೇ ಫೋನು. ನನ್ನ ಫೋನಿನಲ್ಲಿ ಯಾರು ಮಾತಾಡಿದರೂ ಇಡೀ ರೂಮಿಗೆ ಕೇಳುತ್ತದೆ. ಅದನ್ನು ಆರಿಸುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

"ಮೇಡಂ, ಪಾರ್ಸಲ್ ತಗೊಂಡೆ. ಲೊಕೇಶನ್ನು ರೋಡ್ ಮಧ್ಯ ತೋರಿಸ್ತಿದೆ. ಎಲ್ಲಿಗೆ ತರ್ಲಿ?"

"ಹೋಟೆಲಿಗೆ ತಗೊಂಬನ್ನಿಮ್ಮಾ."

"ಹೋಟ್ಲಲ್ಲೇ ಇದ್ದೀನಲ್ಲ ಮೇಡಂ."

"ನೀವಿರೋ ಹೋಟ್ಲಲ್ಲ. ನಾವಿರೋ ಹೋಟೆಲ್."

"ನೀವೂ ಹೋಟ್ಲಲ್ಲಿದ್ದೀರಾ? ಅಲ್ಲೇ ತಿನ್ಬೋದಿತ್ತಲ್ಲ ಮೇಡಂ."

"ಇಲ್ಲಿ ಊಟ ಸಿಗಲ್ಲ."

"ಊಟ ಸಿಗ್ದಿದ್ರೆ ಅದೆಂಥ ಹೋಟ್ಲು ಮೇಡಂ?"

ಮಂಚದ ತುದಿಯಲ್ಲಿ ಅಕ್ಕ ನಕ್ಕಳು. "ಬುದ್ಧಿವಂತೆ ಅವಳು. ನಾನೂ ಅದನ್ನೇ ಕೇಳಿದ್ದು."

ಆಸ್ಪತ್ರೆಯ ಪಕ್ಕ, ಮೆಡಿಕಲ್ ಸ್ಟೋರಿನ ಮೇಲೆ ಎಂದೆಲ್ಲ ಗುರುತು ಹೇಳಿದೆ. ಮತ್ತೆ ಫೋನು. ಈ ಸಲ ಹಿಂದಿನಿಂದ ಲೋಟ ತಟ್ಟೆಗಳ ಸದ್ದು, ಯಾರೋ ಗಂಡಸಿನ ಬೈಗುಳ.

"ಮೇಡಂ, ಮೆಡಿಕಲ್ ಪಕ್ಕದ ಹೋಟ್ಲಿಗೆ ಬಂದೆ. ಕ್ಯಾಶಲ್ಲಿ ಕೂತಿರೋರು ಬೈತಾವ್ರೆ. ಅವ್ರ ಹೋಟ್ಲಿಗೆ ಬೇರೆ ಹೋಟ್ಲು ಮುದ್ದೆ ತಂದಿದ್ದೀಯಾ, ನಮ್ಮ ಮುದ್ದೆಗೇನಾಗಿದೆ ಅಂತ. ನೀವೊಂದ್ಸಲ ಅವ್ರಿಗೆ ಹೇಳಿ."

"ಅಯ್ಯೋ, ಅದಲ್ಲ, ಅದರ ಮೇಲೆ..."

"ಮೇಲೆ ಲಾಡ್ಜಿದೆ ಅಷ್ಟೆ. ಮೇಡಂ, ನೀವು ಲಾಡ್ಜಲ್ಲಿದ್ದೀರಾ?"

ನಾನು ಫೋನನ್ನು ಎದೆಗೊತ್ತಿಕೊಂಡೆ. ಕಿಟಕಿಯ ಹತ್ತಿರ ಓಡಿದೆ. ಏನು ಹೇಳಲಿ? ಕಷ್ಟಕಾಲದಲ್ಲಿ ದೇವರಂತೆ ಇಂಗ್ಲಿಷ್ ಕೈಹಿಡಿಯಿತು. "ಯೆಸ್," ಎಂದೆ. "ಎಕ್ಸಾಕ್ಟ್ಲಿ. ದಟ್ ಒನ್ ಓನ್ಲಿ. ಪ್ಲೀಸ್ ಕಮ್."

"ಏನೇ ಇಂಗ್ಲೀಷಮ್ಮಾ," ಅಕ್ಕ ಕೇಳಿದಳು, "ಮುದ್ದೆ ತರೋಳ ಹತ್ರಾನೂ ಇಂಗ್ಲೀಷಾ?"

ಇಂಗ್ಲೀಷಮ್ಮ. ಆ ಮನೆಗೆ ಸೊಸೆಯಾಗಿ ಹೋದ ವಾರದಲ್ಲೇ ಅವಳು ನನಗಿಟ್ಟ ಹೆಸರು. ಹೆಸರು ಇಟ್ಟವಳೇ ಆ ಮನೆಯಲ್ಲಿ ನನ್ನನ್ನು ಬದುಕಿಸಿದವಳೂ ಹೌದು.

ನಾನು ಪೇಟೆಯವಳು, ಅನ್ನ ತಿಂದು ಬೆಳೆದವಳು. ಗಂಡನ ಮನೆಯಲ್ಲಿ ಎರಡು ಹೊತ್ತೂ ಮುದ್ದೆ. ಗಂಡಸರದೆಲ್ಲ ಮುಗಿದ ಮೇಲೆ ಅತ್ತೆ, ನಾದಿನಿಯರು, ನಾವು ಸೊಸೆಯರು ಅಡುಗೆಮನೆಯಲ್ಲಿ ಸಾಲಾಗಿ ಕೂರಬೇಕು. ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅಗಿಯಬಾರದು. ನಮ್ಮ ಸಿಸ್ಟರು ಒಂದೊಂದು ತುತ್ತನ್ನೂ ಚೆನ್ನಾಗಿ ಅಗಿದು ತಿನ್ನಬೇಕೆಂದು ಕಲಿಸಿದ್ದರು. ನಾನು ಅಗಿದೆ. ಮುದ್ದೆ ಹಲ್ಲಿಗೆ, ಅಂಗುಳಿಗೆ, ಎಲ್ಲೆಲ್ಲಿಗೋ ಅಂಟಿ ಬಾಯಿ ತೆರೆಯಲಾಗದೆ ಕೂತೆ. "ನೋಡ್ರೇ, ಮುದ್ದೆ ಅಗೀತಾಳೆ," ಎಂದರು ಅತ್ತೆ. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಅದು ನಿಜಕ್ಕೂ ತಮಾಷೆ. ನಾದಿನಿಯರು ಬಿದ್ದು ಬಿದ್ದು ನಕ್ಕರು. ಮಾರನೆಯ ದಿನದಿಂದ ನಾನು ಹಸಿವಿಲ್ಲ ಎನ್ನತೊಡಗಿದೆ. ಎಕ್ಸ್‌ಕ್ಯೂಸ್ ಮಿ ಎಂದು ಮನಸ್ಸಿನಲ್ಲೇ ಹೇಳಿ ಎದ್ದುಹೋಗುವುದು, ಕೋಣೆಯಲ್ಲಿ ಟ್ರಂಕಿನ ಮೇಲೆ ಕೂತು ಅಳುವುದು.

ಆಗ ಬಾಗಿಲ ಮೇಲೆ ಬಳೆಯ ಸದ್ದು. ಬಡಿಯುವುದಲ್ಲ, ಮುಂಗೈಯನ್ನು ಬಾಗಿಲಿಗೆ ಮೆಲ್ಲಗೆ ತಾಗಿಸುವುದು. ತೆಗೆದರೆ ಅಕ್ಕ, ಸೆರಗಿನ ಕೆಳಗೆ ಒಂದು ತಟ್ಟೆ, ಅದರ ಮೇಲೆ ಬೋರಲು ಹಾಕಿದ ಇನ್ನೊಂದು ತಟ್ಟೆ. ಒಳಗೆ ಅನ್ನ ಮೊಸರು, ಒಂದು ಹೋಳು ಮಾವಿನಕಾಯಿ ಉಪ್ಪಿನಕಾಯಿ. "ಸದ್ದು ಮಾಡ್ಬೇಡ. ತಿಂದ್ಬಿಡು. ಯಾರಿಗೂ ಹೇಳ್ಬೇಡ." ಇಷ್ಟೇ ಮಾತು. ತಟ್ಟೆ ವಾಪಸು ಒಯ್ಯಬೇಕಲ್ಲ, ಅದಕ್ಕೆ ಬಾಗಿಲ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದಳು. ನಾನು ಊಟ ಮುಗಿಸಿ ಥ್ಯಾಂಕ್ಯೂ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಇನ್ನೂ ಬೇಕು ಎನ್ನುತ್ತಿದ್ದಾಳೆಂದುಕೊಂಡು ಮತ್ತೆ ಹೋಗಿ ಇನ್ನಷ್ಟು ಅನ್ನ ತಂದಳು. ಅಂದಿನಿಂದ ನಮ್ಮಿಬ್ಬರ ನಡುವೆ ತ್ಯಾಂಕೂ ಎಂದರೆ ಇನ್ನೊಂಚೂರು ಹಾಕು ಎಂದೇ ಅರ್ಥ. ಅರ್ಥ ತಿದ್ದಲು ನಾನು ಯಾವತ್ತೂ ಹೋಗಲಿಲ್ಲ. ಯೋಚಿಸಿದರೆ, ಅದೇನೂ ತಪ್ಪು ಅರ್ಥವಲ್ಲ ಅನಿಸುತ್ತದೆ.

ಕಾಯುವಾಗ ಅವಳ ಕಣ್ಣು ನನ್ನ ಟ್ರಂಕಿನ ಒಳಗೆ ಹಾಸಿದ್ದ ಹಳೆಯ ಪೇಪರಿನ ಮೇಲೆ. "ಇದೇನೇ ಇದು?" ಎಂದು ಒಂದು ಅಕ್ಷರದ ಮೇಲೆ ಬೆರಳಿಟ್ಟಳು. ರಾಯಲ್ಪಾಡಿನಲ್ಲಿ ಅವಳ ಮನೆಮಾತು ತೆಲುಗು. ಓದು ತೆಲುಗಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಹೀಗೆ ನನ್ನ ಒಂದೊಂದು ಕಳ್ಳ ಊಟದ ಜೊತೆಗೆ ಅವಳಿಗೆ ಒಂದೆರಡು ಅಕ್ಷರ. ಸರಸರ ಕಲಿತಳು. ಒತ್ತಕ್ಷರ ಮಾತ್ರ ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಅಮ್ಮ ಎಂದಿದ್ದರೆ ಅಮ ಎನ್ನುವಳು, ಅಕ್ಕ ಎಂದಿದ್ದರೆ ಅಕ. "ಕೆಳಗೆ ಇನ್ನೊಂದು ಇದೆ ನೋಡು" ಎಂದರೆ, "ಹೌದಲ್ಲ, ಮರಿ ಮಲಗಿದೆ" ಎನ್ನುವಳು. ತಾಯಿ ಹಸುವಿನ ಕಾಲಡಿಯ ಕರುವಿನ ಹಾಗೆ, ಒತ್ತಕ್ಷರವೆಲ್ಲ ಅವಳಿಗೆ ಮರಿ. ಓದು ಬಂದ ಮೇಲೂ ಎಷ್ಟೋ ವರ್ಷ ಮರಿಗಳನ್ನು ಬಿಟ್ಟು ತಾಯಿಗಳನ್ನಷ್ಟೇ ಓದಿಕೊಂಡು ಹೋಗುತ್ತಿದ್ದಳು.

ಇದನ್ನೆಲ್ಲ ನಾನು ಆಗ, ಆ ಕಿಟಕಿಯ ಹತ್ತಿರ ಫೋನು ಹಿಡಿದು ನಿಂತಾಗ ನೆನೆದೆನೆಂದಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಮಾತ್ರೆ, ಬಸ್ಸು, ಆರಿಹೋಗುತ್ತಿರುವ ಮುದ್ದೆ ಇಷ್ಟೇ. ನೆನಪಾದದ್ದು ಬಾಗಿಲಲ್ಲಿ ಸದ್ದಾದಾಗ. ಮೆಲ್ಲಗೆ ಬಡಿಯಿರಿ ಎಂದು ಬರೆದಿದ್ದೆನಲ್ಲ, ಶಶಿಕಲಾಳ ಎರಡು ಕೈಯಲ್ಲೂ ಪಾರ್ಸಲ್ಲು, ಆ ಪಾಪದವಳು ಮುಂಗೈಯನ್ನು ಬಾಗಿಲಿಗೆ ತಾಗಿಸಿದಳು. ಗಾಜಿನ ಬಳೆ ಗಲ್ ಎಂದಿತು.

ಅಕ್ಕ ತಲೆ ಎತ್ತಿದಳು. "ಯಾರದೋ ಬಳೆ. ತೆಗಿಯೇ ಬಾಗ್ಲು."

ಶಶಿಕಲಾ ನಲವತ್ತರ ಆಸುಪಾಸಿನವಳು. ಹೆಲ್ಮೆಟ್ಟಿನೊಳಗೆ ಬೆವರಿಳಿಯುತ್ತಿತ್ತು. ಅವಳನ್ನು ಬಾಗಿಲಲ್ಲೇ ನಿಲ್ಲಿಸುವುದೋ, ಒಳಗೆ ಕರೆಯುವುದೋ, ಬಾಗಿಲು ಎಷ್ಟು ತೆರೆಯುವುದೋ ನನಗೆ ತಿಳಿಯಲಿಲ್ಲ. ಕಾನ್ವೆಂಟಿನ ಪಾಠಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಅಕ್ಕನಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಒಳಗಿನಿಂದಲೇ ಕೂಗಿದಳು, "ಒಳಗೆ ಬಾರಮ್ಮಾ. ಊಟ ಆಯ್ತಾ ನಿಂದು?"

"ಆಯ್ತಮ್ಮ. ಇನ್ನೊಂದು ಆರ್ಡರ್ ಇದೆ, ಓಡ್ಬೇಕು." ತಿರುಗಿ ನನಗೆ, "ಮೇಡಂ, ಮುಂದಿನ್ಸಲ ಹೋಟ್ಲು ಅನ್ಬೇಡಿ, ಸೀದಾ..."

"ಓಕೆ ಓಕೆ," ಎಂದೆ ಜೋರಾಗಿ.

"ಮೇಡಂ, ಆ್ಯಪಲ್ಲಿ ಐದು ಸ್ಟಾರ್ ಕೊಡಿ."

"ಏನು ಕೊಡ್ಬೇಕಂತೆ?" ಅಕ್ಕ ಕೇಳಿದಳು.

"ಐದು ನಕ್ಷತ್ರ."

"ಕಣ್ಣು ಬಿಚ್ಲಿ ತಾಯಿ, ನಾನೇ ಎಣಿಸಿ ಕೊಡ್ತೀನಿ," ಎಂದಳು ಅಕ್ಕ. ಶಶಿಕಲಾ ನಗುತ್ತಾ ಹೋದಳು.

ಇಷ್ಟಾದರೂ ಅಕ್ಕ ಚೀಲ ಕೆಳಗಿಡಲಿಲ್ಲ. ಮುದ್ದೆಯ ಪೊಟ್ಟಣ ಬಿಚ್ಚಿದೆ. ಬೆಳ್ಳಿಯಂಥ ಹಾಳೆಯಲ್ಲಿ ಸುತ್ತಿದ್ದ ಮುದ್ದೆ ಇನ್ನೂ ಬೆಚ್ಚಗಿತ್ತು. ಕಪ್ಪು ಡಬ್ಬಿಯಲ್ಲಿ ಮಸ್ಸೊಪ್ಪು, ಬೆಳ್ಳುಳ್ಳಿ ಒಗ್ಗರಣೆಯ ಘಮ ರೂಮಿನಲ್ಲೆಲ್ಲ. "ಸಂಗಟಿ ವಾಸನೆ," ಎಂದಳು, ಮುದ್ದೆಗೆ ತವರಿನ ತೆಲುಗು ಹೆಸರು ಹೇಳಿ. ಮೂಗು ಒಪ್ಪಿತ್ತು, ಅವಳು ಒಪ್ಪಿರಲಿಲ್ಲ. "ನೀನು ತಿನ್ನು. ನಂಗೆ ಈ ಜಾಗದಲ್ಲಿ ಗಂಟ್ಲಲ್ಲಿ ಇಳಿಯಲ್ಲ."

ಇನ್ನು ಬೇಡಿಕೊಂಡು ಉಪಯೋಗವಿಲ್ಲ ಎನಿಸಿತು. ನನ್ನ ಚೀಲದಿಂದ ಎರಡು ಸ್ಟೀಲ್ ತಟ್ಟೆ ತೆಗೆದೆ. ಒಂದರಲ್ಲಿ ಮುದ್ದೆ, ಮಸ್ಸೊಪ್ಪು ಹಾಕಿ, ಮೇಲೆ ಇನ್ನೊಂದನ್ನು ಬೋರಲು ಹಾಕಿ, ಸೆರಗು ಮುಚ್ಚಿ ರೂಮಿನಿಂದ ಹೊರಗೆ ಹೋದೆ. ಬಾಗಿಲು ಎಳೆದುಕೊಂಡೆ. ಅದು ತಂತಾನೇ ಲಾಕ್ ಆಗುವ ಬಾಗಿಲು. ಟಕ್ ಎಂದಾಗ ಗೊತ್ತಾಯಿತು. ಬೀಗದ ಕೈ ಒಳಗೆ, ಕಣ್ಣಿಗೆ ಪಟ್ಟಿ ಕಟ್ಟಿದವಳು ಒಳಗೆ, ಎಪ್ಪತ್ತು ದಾಟಿದ ನಾನು ಮಸ್ಸೊಪ್ಪಿನ ಜೊತೆ ಹೊರಗೆ. ಎದುರಿನ ರೂಮಿನ ಗಂಡಸೊಬ್ಬ ಆಗಷ್ಟೇ ಎದ್ದು ಹಲ್ಲುಜ್ಜುತ್ತಾ ಬಾಗಿಲಿಗೆ ಬಂದು ನನ್ನನ್ನೂ ನನ್ನ ಸೆರಗನ್ನೂ ನೋಡಿ ಒಳಗೆ ಹೋದ. ಆದದ್ದಾಗಲಿ ಎಂದು ಮುಂಗೈಯ ಬಳೆಯನ್ನು ಬಾಗಿಲಿಗೆ ತಾಗಿಸಿದೆ.

ಮತ್ತೆ ತಾಗಿಸಿದೆ.

"ಯಾರು?"

"ನಾನು, ಅಕ್ಕ. ಬಾಗ್ಲು ತೆಗಿ. ಸದ್ದು ಮಾಡ್ಬೇಡ. ತಿಂದ್ಬಿಡು. ಯಾರಿಗೂ ಹೇಳ್ಬೇಡ."

ಮಂಚ ಕಿರುಗುಟ್ಟಿತು, ಹೆಜ್ಜೆ ಬಾಗಿಲ ಹತ್ತಿರ ಬಂತು. ಆಮೇಲೆ ಬಾಗಿಲಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದ್ದು ಕೇಳಿತು.

"ಅತ್ತೆ ಎದ್ದಿದ್ದಾರೆ. ಆಮೇಲೆ ಬಾ."

ನನಗೆ ನಗು ತಡೆಯಲಾಗಲಿಲ್ಲ. ತಟ್ಟೆ ಅಲ್ಲಾಡಿ ಮಸ್ಸೊಪ್ಪು ಸೆರಗಿಗೆ ಚೆಲ್ಲಿತು. ಬೆಡ್‌ಶೀಟಿಗಲ್ಲವಲ್ಲ, ಮ್ಯಾನೇಜರ ಮಾತು ಉಳಿಯಿತು. ಒಳಗೆ ಅಕ್ಕ ಚಿಲಕ ಎಲ್ಲಿದೆಯೆಂದು ತಡವುತ್ತಾ ಬೈದುಕೊಳ್ಳುತ್ತಿದ್ದಳು, "ಏನು ಬಾಗ್ಲೋ ಇದು, ಇದಕ್ಕೊಂದು ಅಗಳಿ ಇಲ್ಲ, ಚಿಲಕ ಇಲ್ಲ." ತಿರುಗಿಸು, ಒತ್ತು, ಎಳೆ ಎಂದು ನಾನು ಹೊರಗಿನಿಂದ ಹೇಳಿ ಹೇಳಿ, ಕೊನೆಗೆ ತೆರೆಯಿತು. ಚೀಲ ಮಂಚದ ಮೇಲಿತ್ತು. ಅವಳ ಎರಡು ಕೈಯೂ ಖಾಲಿ.

ಬಗ್ಗಬಾರದು, ತಲೆ ತಗ್ಗಿಸಬಾರದು ಎಂದಿದ್ದರು ಡಾಕ್ಟರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಕಾಲು ಇಳಿಬಿಟ್ಟು ಊಟ ಮಾಡುವುದು ಅವಳ ಜನ್ಮದಲ್ಲಿ ಅದೇ ಮೊದಲಿರಬೇಕು. ನಾನು ಮುದ್ದೆ ಮುರಿದು, ಸೊಪ್ಪಿನಲ್ಲಿ ಹೊರಳಿಸಿ ಅವಳ ಅಂಗೈಗೆ ಇಡುತ್ತಾ ಹೋದೆ. ಅವಳು ತಲೆ ನೆಟ್ಟಗಿಟ್ಟುಕೊಂಡು, ಮಹಾರಾಣಿಯ ಹಾಗೆ, ಒಂದೊಂದೇ ನುಂಗಿದಳು. ನಡುವೆ ನಾನೂ ಒಂದು ತುತ್ತು ಬಾಯಿಗೆ ಹಾಕಿಕೊಂಡೆ.

"ಅಗೀತಿದ್ಯಲ್ಲೇ," ಎಂದಳು.

"ಇಲ್ಲಪ್ಪ."

"ಕೇಳಿಸ್ತು."

ತಟ್ಟೆ ಖಾಲಿಯಾಯಿತು. ಅವಳ ಕೈ ತೊಳೆಸಲು ನೀರಿನ ಬಾಟಲಿ ಎತ್ತಿಕೊಂಡೆ. ಅವಳು ಅಂಗೈಯನ್ನು ಹಾಗೆಯೇ ಚಾಚಿಕೊಂಡು ಕೂತಿದ್ದಳು.

"ತ್ಯಾಂಕೂ," ಎಂದಳು.

ನನ್ನ ಪಾಲಿನ ಮುದ್ದೆಯನ್ನು ಮುರಿದು ಇಟ್ಟೆ. ಅದನ್ನೂ ತಿಂದಳು. ಮಾತ್ರೆಯನ್ನೂ ನುಂಗಿದಳು. ಬಸ್ಸಿನ ಮಾತು ಮತ್ತೆ ಬರಲಿಲ್ಲ. ನಾನು ಡಬ್ಬಿಗಳನ್ನು ಬುಟ್ಟಿಗೆ ಹಾಕಹೊರಟರೆ, "ಅಯ್ಯೋ, ಗಟ್ಟಿ ಡಬ್ಬಿ, ತೊಳ್ದಿಡು" ಎಂದು ಒಂದನ್ನು ಚೀಲಕ್ಕೆ ಹಾಕಿಸಿಕೊಂಡಳು. ರಾತ್ರಿಯೆಲ್ಲ, ಯಾರ್‍ಯಾರೋ ಮಲಗಿ ಎದ್ದುಹೋದ ಆ ಮಂಚದ ಮೇಲೆ, ಮಗುವಿನ ಹಾಗೆ ನಿದ್ದೆ ಮಾಡಿದಳು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದರು. ಅಕ್ಕ ಮೊದಲು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಇಷ್ಟು ಮುದುಕಿ ಯಾವಾಗಾದ್ಯೇ?" ಎಂದಳು. ಡಾಕ್ಟರಮ್ಮ ನಕ್ಕು, ಚೆನ್ನಾಗಿದೆ, ಹನಿ ಹಾಕ್ತಾ ಇರಿ ಎಂದರು. ಕಾಯುವ ಬೆಂಚಿನಲ್ಲಿ ಕೂತು ನನ್ನ ಫೋನು ಈಸಿಕೊಂಡಳು. ನಕ್ಷತ್ರಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸಿ, ಐದನೆಯದನ್ನು ಒತ್ತಿ, "ಬಂತಾ ಅವಳಿಗೆ?" ಎಂದು ಕೇಳಿದಳು. ಬಂತು ಎಂದೆ.

ಚೀಲ ತರಲು ವಾಪಸು ಹೋದೆವು. ನಾನು ಮೇಲೆ ಹೋಗಿ ಚೀಲ ಹಿಡಿದು ಬರುವಷ್ಟರಲ್ಲಿ ಅಕ್ಕ ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟಕ್ಕೆ ಕೈಯಿಟ್ಟು, ಆಸ್ಪತ್ರೆಯಲ್ಲಿ ಕೊಟ್ಟ ಕರಿ ಕನ್ನಡಕವನ್ನು ಹಣೆಗೇರಿಸಿ ಕಟ್ಟಡವನ್ನು ನೋಡುತ್ತಾ ನಿಂತಿದ್ದಳು. ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಏನೋ ರೆಸಿಡೆನ್ಸಿ ಎಂದಿತ್ತು. ಅದರ ಕೆಳಗೆ, ಮಾಸಿದ ಬಣ್ಣದಲ್ಲಿ, ಕನ್ನಡದಲ್ಲಿ. ನಾನು ಓಡಿಹೋಗಿ ಅವಳ ಮುಂದೆ ನಿಲ್ಲಬೇಕೆಂದುಕೊಂಡೆ. ಮಂಡಿ ಓಡುವ ಮಂಡಿಯಲ್ಲ. ಹತ್ತಿರ ಹೋದಾಗ ಅವಳ ತುಟಿ ಅಲ್ಲಾಡುತ್ತಿತ್ತು.

"ಲಾ," ಎಂದಳು. "ಡ. ಲಾಡ." ಕುತ್ತಿಗೆ ಮುಂದೆ ಚಾಚಿದಳು. "ಇರು ಇರು. ಡ ಕೆಳಗೆ ಮರಿ ಮಲಗಿದೆ. ಜ ಮರಿ. ಇಷ್ಟೇ ಇಷ್ಟು. ಕಾಣ್ತದೆ ಕಣೇ ನಂಗೆ."

ನಾನು ಚೀಲ ಕೆಳಗಿಟ್ಟು ಅವಳ ಮೊಳಕೈ ಹಿಡಿದೆ.

"ಲಾಡ್ಜು," ಎಂದು ಓದಿ ಮುಗಿಸಿದಳು.

"ಅಕ್ಕ, ಅದು..."

"ಪಟ್ಟಿ ಕಟ್ಟಿದ್ದು ಕಣ್ಣಿಗೆ ಕಣೇ, ಕಿವಿಗಲ್ಲ," ಎಂದಳು. "ಆ ಹುಡ್ಗಿ ಫೋನಲ್ಲಿ ಅಷ್ಟು ಗಟ್ಟಿಯಾಗಿ ಕೇಳಿದ್ಲಲ್ಲ."

"ಗೊತ್ತಿದ್ದೂ ಉಳ್ಕೊಂಡ್ಯಾ?"

"ನೀನು ಅಷ್ಟೊಂದು ಇಂಗ್ಲೀಷು ಮಾತಾಡಿ ಬಚ್ಚಿಟ್ಯಲ್ಲ, ಪಾಪ ಅನ್ನಿಸ್ತು." ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು ಆಟೋಗೆ ಕೈ ತೋರಿದಳು. "ಊರಲ್ಲಿ ಕೇಳಿದ್ರೆ ಹೋಟ್ಲಲ್ಲಿದ್ವಿ ಅನ್ನೋಣ. ಯಾರಿಗೂ ಹೇಳ್ಬೇಡ."

ಡಬ್ಬಿಯ ಚಟ್ನಿಪುಡಿಯನ್ನು ಈಗಷ್ಟೇ ಭರಣಿಗೆ ಸುರಿದೆ. ತೊಳೆದ ಡಬ್ಬಿ ಕಿಟಕಿಯ ಮೇಲೆ ಒಣಗುತ್ತಿದೆ. ನಾಳೆ ಅದರ ತುಂಬ ಏನು ಹಾಕಿ ಕಳಿಸಿದರೂ ಅದರರ್ಥ ತ್ಯಾಂಕೂ ಎಂದೇ, ಇನ್ನೊಂಚೂರು ಎಂದೇ. ನಾನು ಯಾರಿಗೂ ಹೇಳಿಲ್ಲ. ನಿಮಗೆ ಹೇಳಿದೆ, ಅಷ್ಟೆ. ನೀವು ಎಂದಾದರೂ ಮುಳಬಾಗಿಲ ಕಡೆ ಹೋಗಿ, ಕಣ್ಣು ಚೆನ್ನಾಗಿ ಕಾಣುವ ಮುದುಕಿಯೊಬ್ಬಳು ಸಿಕ್ಕಿ ಕೇಳಿದರೆ, ದಯವಿಟ್ಟು ಹೋಟೆಲ್ ಎಂದೇ ಹೇಳಿ.